ಹಳೆಯ ಶಾಲಾ ಗ್ರೂಪ್ ಫೋಟೋಗಳಲ್ಲಿ ಮಕ್ಕಳ ಉಡುಗೆ-ತೊಡುಗೆ

ಕರ್ನಾಟಕದ ಇತಿಹಾಸಕ್ಕೆ ಆಕರಗಳಾವುವೆಂದು ಕೇಳಿದರೆ ನಾವು ಶಿಲಾಶಾಸನ, ತಾಮ್ರಪಟ, ಓಲೆಯ ಪ್ರತಿ, ಕೈಫಿಯತ್ತು, ಸರಕಾರಿ ದಫ್ತರ ಇವುಗಳನ್ನು ಹೆಸರಿಸುತ್ತೇವೆ. ನಮ್ಮ ನಮ್ಮ ಮನೆಯ ಟ್ರಂಕಿನ ತಳದಲ್ಲಿ, ದಪ್ಪ ರಟ್ಟಿಗೆ ಅಂಟಿಸಿದ, ಅಂಚು ಮುರಿದ ಒಂದು ಶಾಲಾ ಗ್ರೂಪ್ ಫೋಟೋ ಇದ್ದರೆ ಅದನ್ನು ಆಕರವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅದು ಮನೆಯ ನೆನಪಿನ ವಸ್ತು, ಅಷ್ಟೇ. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಅದು ಗುರುತಿಲ್ಲದ ನಾಲ್ವತ್ತು ಮುಖಗಳ ಒಂದು ಹಾಳೆಯಾಗಿ ಉಳಿಯುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಕನ್ನಡ ಮಕ್ಕಳು ಏನನ್ನು ಉಟ್ಟರು, ಏನನ್ನು ತೊಟ್ಟರು, ಯಾರು ಶಾಲೆಯ ಜಗಲಿಯವರೆಗೆ ಬಂದರು, ಯಾರು ಬರಲಾಗಲಿಲ್ಲ ಎಂಬುದಕ್ಕೆ ಈ ಚಿತ್ರಗಳಷ್ಟು ನೇರವಾದ ಸಾಕ್ಷ್ಯ ಬೇರೆ ಯಾವುದೂ ಇಲ್ಲ. ಆ ಸಾಕ್ಷ್ಯವನ್ನು ಓದುವ ಕ್ರಮ ಯಾವುದು, ಓದುವಾಗ ಎಲ್ಲೆಲ್ಲಿ ಎಡವುವ ಸಂಭವವಿದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದೆ. ಹೋಲಿಕೆಗಾಗಿ ಅದೇ ಕಾಲದ ಅಮೆರಿಕದ ಶಾಲಾಮಕ್ಕಳ ಚಿತ್ರಗಳನ್ನು ಅಲ್ಲಲ್ಲಿ ತೆಗೆದುಕೊಳ್ಳಲಾಗಿದೆ. ಏಕೆಂದರೆ ಅಲ್ಲಿ ಈ ಬಗೆಯ ಚಿತ್ರಗಳ ಸಂಗ್ರಹ ಮತ್ತು ಅಧ್ಯಯನ ಬಹುಕಾಲದಿಂದ ನಡೆದಿದೆ.

೧. ಚಿತ್ರವು ಹುಟ್ಟಿದ ಬಗೆ

ಬ್ಯಾಂಕಿನಲ್ಲಿ ಒಂದು ದಸ್ತಾವೇಜು ಮುಂದೆ ಬಂದರೆ ಅದರ ಒಕ್ಕಣೆಗಿಂತ ಮೊದಲು ನಾವು ಕೇಳುವ ಪ್ರಶ್ನೆಗಳು ಬೇರೆ: ಇದನ್ನು ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ಯಾವ ತಾರೀಖು, ಯಾವ ಉದ್ದೇಶ? ಫೋಟೋವನ್ನೂ ಹಾಗೆಯೇ ಕೇಳಬೇಕು.

ಜಿಲೆಟಿನ್ ಲೇಪಿಸಿದ ಒಣ ಗಾಜಿನ ಫಲಕವನ್ನು ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯನು 1871ರಲ್ಲಿ ಪ್ರಕಟಪಡಿಸಿದನು. ಅದಕ್ಕೆ ಮೊದಲು ಫಲಕವನ್ನು ಸ್ಥಳದಲ್ಲಿಯೇ ಒದ್ದೆಯಾಗಿ ಸಿದ್ಧಪಡಿಸಿ, ಒಣಗುವುದರೊಳಗೆ ಚಿತ್ರ ಹಿಡಿಯಬೇಕಾಗಿತ್ತು. ಒಣಫಲಕವು ಕಾರ್ಖಾನೆಯಲ್ಲಿ ತಯಾರಾಗಿ ಪೆಟ್ಟಿಗೆಯಲ್ಲಿ ಬರತೊಡಗಿದ ಮೇಲೆ ಛಾಯಾಗ್ರಾಹಕನು ಊರಿಂದೂರಿಗೆ ಹೋಗಿ, ಶಾಲೆಯ ಅಂಗಳದಲ್ಲಿ ಮುಕ್ಕಾಲಿಯನ್ನು ನಿಲ್ಲಿಸಿ, ಮೂವತ್ತು ನಾಲ್ವತ್ತು ಮಕ್ಕಳನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಸುಲಭವಾಯಿತು. ಆದರೂ ಬೆಳಕು ಸೂರ್ಯನದೇ ಆಗಬೇಕಾಗಿತ್ತು. ಆದುದರಿಂದಲೇ ಈ ಚಿತ್ರಗಳೆಲ್ಲ ಬಹುಮಟ್ಟಿಗೆ ಹೊರಗೆ, ಜಗಲಿಯ ಮುಂದೆ ಅಥವಾ ಮೆಟ್ಟಿಲುಗಳ ಮೇಲೆ ತೆಗೆದವು. ಸಾಲುಗಳೂ ಹೆಚ್ಚುಕಡಿಮೆ ಒಂದೇ ಮಾದರಿಯವು: ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ಚಿಕ್ಕವರು, ಕುರ್ಚಿಗಳಲ್ಲಿ ಉಪಾಧ್ಯಾಯರು, ಹಿಂದೆ ನಿಂತ ದೊಡ್ಡ ಹುಡುಗರು, ಅವರ ಹಿಂದೆ ಬೆಂಚಿನ ಮೇಲೆ ನಿಂತವರು. ಮುಂದಿನ ಸಾಲಿನ ನಡುವೆ ಒಬ್ಬ ಹುಡುಗನ ಕೈಯಲ್ಲಿ ಇಯತ್ತೆ ಮತ್ತು ಇಸವಿಗಳನ್ನು ಬರೆದ ಸ್ಲೇಟು ಇದ್ದರೆ ಅದು ಸಂಶೋಧಕನ ಪುಣ್ಯ.

ಚಿತ್ರ ತೆಗೆಸುವ ಸಂದರ್ಭವೂ ವಿಶೇಷವಾದದ್ದು. ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ, ಇನ್ಸ್‌ಪೆಕ್ಟರ ಭೇಟಿ, ಅಂತಿಮ ಪರೀಕ್ಷೆಯ ಮುನ್ನಾದಿನಗಳು, ಇಂಥ ಸಮಯದಲ್ಲಿ ಮಾತ್ರ ಅಷ್ಟು ಖರ್ಚು ಮಾಡುವುದು ಸಾಧ್ಯವಿತ್ತು. ಹುಡುಗರಿಗೆ ಮೊದಲೇ ತಿಳಿಸಲಾಗುತ್ತಿತ್ತು. ಹೀಗಿರಲು ಚಿತ್ರದಲ್ಲಿ ಕಾಣುವುದು ದಿನನಿತ್ಯದ ಉಡುಗೆಯಲ್ಲ. ಅದು ಮನೆಯಲ್ಲಿದ್ದ ಅತ್ಯುತ್ತಮ ಉಡುಗೆ. ಕೆಲವೊಮ್ಮೆ ಅಣ್ಣನದು, ಕೆಲವೊಮ್ಮೆ ನೆರೆಮನೆಯದು. ತೋಳು ಬೆರಳತುದಿಯನ್ನು ಮುಚ್ಚಿದ ಕೋಟು, ಭುಜದಿಂದ ಜಾರಿದ ಹೊಲಿಗೆ, ಕಿವಿಯವರೆಗೆ ಇಳಿದ ಟೊಪ್ಪಿಗೆ ಇವು ಕಂಡಲ್ಲಿ ಆ ಬಟ್ಟೆ ಆ ಹುಡುಗನಿಗಾಗಿ ಹೊಲಿಸಿದ್ದಲ್ಲವೆಂದು ತಿಳಿಯಬಹುದು. ಚಿತ್ರವು ಆ ಕುಟುಂಬದ ನಿತ್ಯದ ಸ್ಥಿತಿಯನ್ನಲ್ಲ, ಅದು ಜಗತ್ತಿನೆದುರಿಗೆ ಹೇಗೆ ಕಾಣಬಯಸಿತೆಂಬುದನ್ನು ಹೇಳುತ್ತದೆ. ಇದೂ ಇತಿಹಾಸವೇ, ಆದರೆ ಬೇರೆ ಬಗೆಯ ಇತಿಹಾಸ.

೨. ಕಪ್ಪು ಕಂಡದ್ದು ಕಪ್ಪಲ್ಲ

ಎರಡನೆಯ ಎಚ್ಚರಿಕೆ ಬಣ್ಣದ್ದು. ಹಳೆಯ ಚಿತ್ರವನ್ನು ನೋಡಿ ‘ನಮ್ಮ ಅಜ್ಜಿ ಕಪ್ಪು ಪರಕಾರ ಉಟ್ಟಿದ್ದಳು’ ಎನ್ನುವವರಿದ್ದಾರೆ. ಆ ಕಾಲದ ಗಾಜಿನ ಫಲಕಗಳ ಗುಣವನ್ನು ತಿಳಿಯದೆ ಹೀಗೆನ್ನಲಾಗದು. ಸಾಮಾನ್ಯ ಫಲಕವು ನೀಲಿ ಮತ್ತು ನೇರಿಳೆ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿತ್ತು. ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞನು 1873ರಲ್ಲಿ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಹಸಿರಿಗೂ ಫಲಕವು ಸ್ಪಂದಿಸುವುದೆಂದು ಕಂಡುಕೊಂಡನು. ಕೆಂಪಿಗೆ ಮಾತ್ರ ಅದು ಕುರುಡಾಗಿಯೇ ಉಳಿಯಿತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕವನ್ನು ಇಂಗ್ಲೆಂಡಿನ ರಾಟನ್ ಮತ್ತು ವೇನ್‌ರೈಟ್ ಕಂಪನಿಯು 1906ರಲ್ಲಿ ಮಾರಾಟಕ್ಕೆ ತಂದರೂ, ಅದನ್ನು ಪೂರ್ಣ ಕತ್ತಲೆಯಲ್ಲಿಯೇ ತೊಳೆಯಬೇಕಾಗಿದ್ದುದರಿಂದ ಅದರ ಬಳಕೆ ಎಲ್ಲೆಡೆ ನಿಧಾನವಾಗಿ ಹರಡಿತು. ಹಳೆಯ ಫಲಕವನ್ನಾದರೋ ಕೆಂಪುದೀಪದ ಬೆಳಕಿನಲ್ಲಿ ನೋಡಿಕೊಂಡು ಸಂಸ್ಕರಿಸಬಹುದಾಗಿತ್ತು.

ಇದರ ಪರಿಣಾಮವೇನು? ಕೆಂಪು ಬಟ್ಟೆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ತಿಳಿನೀಲಿ ಅಂಗಿ ಬೆಳ್ಳಗೆ ಕಾಣುತ್ತದೆ. ಹಣೆಯ ಕುಂಕುಮವು ಕಾಡಿಗೆಯ ಬೊಟ್ಟಿನಂತೆ ತೋರುತ್ತದೆ. ಇಳಕಲ್ಲಿನ ಸೀರೆಯ ತೋಪುತೆನಿ ಸೆರಗು ಕೆಂಪು-ಬಿಳುಪಿನದು. ಫೋಟೋದಲ್ಲಿ ಅದು ಕಪ್ಪು-ಬಿಳುಪಾಗುತ್ತದೆ. ಗುಳೇದಗುಡ್ಡದ ಖಣದ ಕುಬಸಕ್ಕೂ ಇದೇ ಗತಿ. ಹಾಗೆಂದು ಕಪ್ಪು ಕಂಡದ್ದೆಲ್ಲ ಕೆಂಪೆಂದು ತೀರ್ಮಾನಿಸುವುದೂ ಸಲ್ಲದು. ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿಯೆಂಬ ಕಪ್ಪು ಸೀರೆಯನ್ನು ಸಂಕ್ರಾಂತಿಗೆ ಉಡುವ ವಾಡಿಕೆಯುಂಟು. ಬಣ್ಣವನ್ನು ನಿರ್ಣಯಿಸಲು ಚಿತ್ರವೊಂದೇ ಸಾಲದು. ಅಂಚು, ನೇಯ್ಗೆಯ ವಿನ್ಯಾಸ, ಮನೆಯಲ್ಲಿ ಉಳಿದಿರಬಹುದಾದ ಬಟ್ಟೆ, ಹಿರಿಯರ ನೆನಪು ಇವು ಜೊತೆಗೂಡಬೇಕು.

೩. ತಲೆ ಮತ್ತು ಕಾಲು

ಅಮೆರಿಕದ ಚಿತ್ರಗಳೊಡನೆ ಹೋಲಿಸಿದಾಗ ಮೊದಲು ಕಣ್ಣಿಗೆ ಬೀಳುವ ಭೇದವು ಉಡುಗೆಯ ನಡುಭಾಗದಲ್ಲಿಲ್ಲ, ಅದರ ಎರಡು ತುದಿಗಳಲ್ಲಿದೆ. 1900ರಿಂದ 1920ರವರೆಗಿನ ಅಮೆರಿಕದ ಸಾಮಾನ್ಯ ಶಾಲೆಯ ಹುಡುಗನು ಮೊಣಕಾಲಿನವರೆಗೆ ಬರುವ ಚಲ್ಲಣ, ಅದರ ಕೆಳಗೆ ಉದ್ದನೆಯ ಕಪ್ಪು ಕಾಲುಚೀಲ, ಕಣಕಾಲನ್ನು ಮುಚ್ಚುವ ಬೂಟು ಇವುಗಳನ್ನು ತೊಟ್ಟಿರುತ್ತಾನೆ. ಚಿಕ್ಕ ಹುಡುಗರಲ್ಲಿ ನಾವಿಕರ ಮಾದರಿಯ ಅಗಲ ಕಾಲರಿನ ಅಂಗಿ ಹೇರಳ. ಈ ಮಾದರಿಯು ವಿಕ್ಟೋರಿಯಾ ರಾಣಿಯ ಹಿರಿಯ ಮಗನಿಗೆ ಅದನ್ನು ತೊಡಿಸಿ ವಿಂಟರ್‌ಹಾಲ್ಟರನಿಂದ 1846ರಲ್ಲಿ ಚಿತ್ರ ಬರೆಯಿಸಿದಂದಿನಿಂದ ಜನಪ್ರಿಯವಾಯಿತು. 1902ರಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬರತೊಡಗಿದ ಬಸ್ಟರ್ ಬ್ರೌನ್ ಎಂಬ ವ್ಯಂಗ್ಯಚಿತ್ರಮಾಲೆಯ ಹುಡುಗನ ಉಡುಪೂ ಹಾಗೆಯೇ ಹರಡಿತು. ಹುಡುಗಿಯರು ಲಂಗದ ಮೇಲೆ ಬಿಳಿಯ ಏಪ್ರನ್ನಿನಂಥ ಪಿನಫೋರ್ ಧರಿಸಿ, ತಲೆಗೆ ಅಂಗೈಯಗಲದ ರಿಬ್ಬನ್ ಕಟ್ಟಿಕೊಂಡಿರುತ್ತಾರೆ. ಆ ಸಾರ್ವಜನಿಕ ಶಾಲೆಗಳಲ್ಲಿ ಸಮವಸ್ತ್ರದ ನಿಯಮವಿರಲಿಲ್ಲ. ಆದರೂ ಮಕ್ಕಳೆಲ್ಲ ಒಂದೇ ಬಗೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಸಿದ್ಧ ಉಡುಪಿನ ಕಾರ್ಖಾನೆಗಳು ಮತ್ತು ಸಿಯರ್ಸ್ ರೋಬಕ್‌ನಂಥ ಕಂಪನಿಗಳು ಅಂಚೆಯಲ್ಲಿ ಹಳ್ಳಿಹಳ್ಳಿಗೂ ಕಳುಹಿಸುತ್ತಿದ್ದ ಬೆಲೆಪಟ್ಟಿಗಳು.

ಅಲ್ಲಿನ ಹುಡುಗನು ಚಿತ್ರಕ್ಕೆ ನಿಲ್ಲುವಾಗ ಸಾಮಾನ್ಯವಾಗಿ ಟೊಪ್ಪಿಗೆಯನ್ನು ತೆಗೆದಿರುತ್ತಾನೆ, ಬೂಟನ್ನು ತೊಟ್ಟಿರುತ್ತಾನೆ. ನಮ್ಮ ಹುಡುಗನು ಟೊಪ್ಪಿಗೆಯನ್ನೋ ರುಮಾಲನ್ನೋ ಧರಿಸಿರುತ್ತಾನೆ, ಬರಿಗಾಲಲ್ಲಿರುತ್ತಾನೆ. ಹಿರಿಯರ ಮುಂದೆ ಬರಿದಲೆಯಲ್ಲಿ ನಿಲ್ಲುವುದು ಅಂದಿನ ನಮ್ಮ ಸಭ್ಯತೆಗೆ ಒಪ್ಪುತ್ತಿರಲಿಲ್ಲ. ಪಾದರಕ್ಷೆಯಾದರೋ ಜಗಲಿಯ ಕೆಳಗೆ ಬಿಡತಕ್ಕ ವಸ್ತು. ಆದುದರಿಂದ ಬರಿಗಾಲನ್ನು ಕಂಡ ಕೂಡಲೆ ಬಡತನವೆಂದು ಓದುವುದು ಅಮೆರಿಕದ ಕನ್ನಡಕದಿಂದ ಕನ್ನಡ ಚಿತ್ರವನ್ನು ನೋಡಿದಂತೆ. ಸರಿಗೆಯಂಚಿನ ಪಂಚೆಯುಟ್ಟ, ಕಿವಿಯಲ್ಲಿ ಒಂಟಿ ಹೊಳೆಯುವ ಸಿರಿವಂತನ ಮಗನೂ ನಮ್ಮ ಚಿತ್ರದಲ್ಲಿ ಬರಿಗಾಲಿನಲ್ಲಿಯೇ ಇರುತ್ತಾನೆ. ಕುರ್ಚಿಯಲ್ಲಿ ಕುಳಿತ ಉಪಾಧ್ಯಾಯರ ಕಾಲಲ್ಲಿ ಬೂಟು ಕಂಡರೆ ಅದು ಹಣಕ್ಕಿಂತ ಹೆಚ್ಚಾಗಿ ಅವರ ಅಧಿಕಾರವನ್ನೂ ಇಂಗ್ಲಿಷ್ ವಿದ್ಯೆಯನ್ನೂ ಸೂಚಿಸುತ್ತದೆ.

ಅಮೆರಿಕದಲ್ಲಿ ಬರಿಗಾಲಿನ ಅರ್ಥವೇ ಬೇರೆ. ದಕ್ಷಿಣ ಪ್ರಾಂತಗಳ ಹಳ್ಳಿಶಾಲೆಗಳ ಚಿತ್ರಗಳಲ್ಲಿ ಬರಿಗಾಲಿನ ಮಕ್ಕಳು ಬೇಕಾದಷ್ಟಿದ್ದಾರೆ. ಕೊಕ್ಕೆಹುಳುವಿನ ರೋಗವು ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಹೊಗುತ್ತದೆಂದು ತಿಳಿದ ಮೇಲೆ ರಾಕ್‌ಫೆಲರನ ಧನಸಹಾಯದಿಂದ 1909ರಲ್ಲಿ ಒಂದು ಆರೋಗ್ಯ ಆಯೋಗವೇ ಸ್ಥಾಪಿತವಾಗಿ, ಶಾಲೆಗಳ ಮೂಲಕ 1914ರವರೆಗೆ ಕೆಲಸ ಮಾಡಿತು. ಅಲ್ಲಿ ಬರಿಗಾಲು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಯಿತು; ನಮ್ಮಲ್ಲಿ ಅದು ಬಹುಕಾಲ ಮರ್ಯಾದೆಯ ಲಕ್ಷಣವಾಗಿಯೇ ಉಳಿಯಿತು.

೪. ಕನ್ನಡ ನಾಡಿನ ಪ್ರಾಂತಭೇದಗಳು

1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಮತ್ತು 1862ರಿಂದ ಉತ್ತರ ಕನ್ನಡ, ಇವು ಮುಂಬಯಿ ಇಲಾಖೆಯಲ್ಲಿದ್ದವು; ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಮದ್ರಾಸಿನದು; ಮೈಸೂರು ಅರಸರ ಸಂಸ್ಥಾನ; ಗುಲಬರ್ಗಾ, ರಾಯಚೂರು, ಬೀದರಗಳು ನಿಜಾಮನ ಹೈದರಾಬಾದಿಗೆ ಸೇರಿದ್ದವು. ಶಾಲಾ ಇಲಾಖೆ ಬೇರೆಯಾದಂತೆ ಮಕ್ಕಳ ತಲೆಯುಡುಗೆಯೂ ಬೇರೆಯಾದುದನ್ನು ಚಿತ್ರಗಳಲ್ಲಿ ಕಾಣಬಹುದು. ಧಾರವಾಡದ ಕಡೆ ರುಮಾಲು, ಪಟಗ, ಕರಿಯ ದುಂಡುಟೊಪ್ಪಿಗೆ. ಪುಣೆಯ ಪ್ರಭಾವವಿದ್ದ ಮನೆತನಗಳ ಹಿರಿಯ ಉಪಾಧ್ಯಾಯರಲ್ಲಿ ಪಗಡಿ. ಮೈಸೂರಿನಲ್ಲಿ ಉಪಾಧ್ಯಾಯರಿಗೆ ಸರಿಗೆಯ ಪೇಟ, ಮುಚ್ಚುಕೊರಳಿನ ಕೋಟು. ಹುಡುಗರಿಗೆ ಟೊಪ್ಪಿಗೆ, ಪಂಚೆ. ಕರಾವಳಿಯಲ್ಲಿ ಅಂಗಿ-ಪಂಚೆಯ ಹಿಂದೂ ಹುಡುಗರು, ತುರ್ಕಿ ಟೊಪ್ಪಿಯ ಮುಸಲ್ಮಾನರು, ಕೋಟು-ಚಲ್ಲಣದ ಕ್ರೈಸ್ತರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅಮೆರಿಕದ ಚಿತ್ರದಲ್ಲಿ ಬಟ್ಟೆಯ ಹೊಸತು-ಹಳತಿನಿಂದ ಮನೆಯ ಹಣಕಾಸನ್ನು ಊಹಿಸಬೇಕು. ನಮ್ಮ ಚಿತ್ರದಲ್ಲಿ ಹುಡುಗನ ಮತ, ಜಾತಿ, ಪ್ರಾಂತಗಳು ಮೊದಲು ತಿಳಿಯುತ್ತವೆ, ಹಣಕಾಸು ಅನಂತರ.

ಕರಾವಳಿಯ ಚಿತ್ರಗಳ ಬಹುದೊಡ್ಡ ಸಂಗ್ರಹವು ನಮ್ಮ ದೇಶದಲ್ಲಿಲ್ಲ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ತನ್ನ ಶಾಲೆ, ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆಗಳ ಚಿತ್ರಗಳನ್ನು ಕ್ರಮವಾಗಿ ಸ್ವದೇಶಕ್ಕೆ ಕಳುಹಿಸುತ್ತಿತ್ತು. ಆ ಚಿತ್ರಗಳೀಗ ಅಲ್ಲಿಯ ಪತ್ರಾಗಾರದಲ್ಲಿ ವರ್ಗೀಕೃತವಾಗಿ, ಅಂತರಜಾಲದಲ್ಲಿಯೂ ನೋಡಸಿಗುತ್ತವೆ. ಇವುಗಳನ್ನು ಬಳಸುವಾಗಲೂ ಮೊದಲಿನ ಪ್ರಶ್ನೆಯನ್ನು ಕೇಳಲೇಬೇಕು: ದಾನಿಗಳಿಗೆ ತೋರಿಸಲೆಂದು ತೆಗೆದ ಚಿತ್ರವು ಶಿಸ್ತನ್ನೂ ಶುಭ್ರತೆಯನ್ನೂ ಎತ್ತಿ ತೋರಿಸುವುದು ಸಹಜ. ನಮ್ಮವರೇ ಕಟ್ಟಿದ ಶಾಲೆಗಳ ಚಿತ್ರಗಳು ಇದಕ್ಕೆ ಪೂರಕ. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು. ಅವರೇ 1906ರಲ್ಲಿ ತೆರೆದ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕಾಯಿತು. ಶಾಲೆಯೂ ಬ್ಯಾಂಕೂ ಒಂದೇ ಕೈಯಿಂದ ಹುಟ್ಟಿದ ಆ ಊರಿನಿಂದಲೇ, ಅಂಥ ಶಾಲೆಗಳ ಮೆಟ್ಟಿಲ ಮೇಲೆ ಚಿತ್ರಕ್ಕೆ ನಿಂತ ಅನೇಕ ಹುಡುಗರು ಮುಂದೆ ಗುಮಾಸ್ತರಾಗಿ, ಲೆಕ್ಕಿಗರಾಗಿ ಮುಂಬಯಿಗೆ ಬಂದರು. ಅವರ ಮಕ್ಕಳು ಮೊಮ್ಮಕ್ಕಳು ಈ ಪತ್ರಿಕೆಯ ವಾಚಕರಲ್ಲಿ ಇದ್ದೇ ಇದ್ದಾರೆ.

೫. ಹುಡುಗಿಯರು: ಲಂಗ, ಸೀರೆ, ತಾಳಿ

ಹೆಣ್ಣುಮಕ್ಕಳ ಶಾಲೆಯ ಚಿತ್ರಗಳು ಸಂಖ್ಯೆಯಲ್ಲಿ ಕಡಿಮೆ, ಮಾಹಿತಿಯಲ್ಲಿ ಹೆಚ್ಚು. ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆಯು 1881ರಲ್ಲಿ ಅರಮನೆಯ ಆಶ್ರಯದಲ್ಲಿ ಆರಂಭವಾಯಿತು. ಕುಲೀನ ಮನೆತನಗಳು ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲ ಅದು. ಹುಡುಗಿಯರ ಚಿತ್ರಗಳಲ್ಲಿ ಚಿಕ್ಕವರು ಲಂಗ-ಕುಪ್ಪಸ ಅಥವಾ ಪರಕಾರ-ಪೋಲಕ ತೊಟ್ಟಿರುತ್ತಾರೆ. ದೊಡ್ಡವರು ಸೀರೆಯುಟ್ಟಿರುತ್ತಾರೆ, ಧಾರವಾಡದ ಕಡೆಯಾದರೆ ಕಚ್ಚೆ ಹಾಕಿ. ಕೊರಳಲ್ಲಿ, ಕಿವಿಯಲ್ಲಿ, ಜಡೆಯಲ್ಲಿ ಮನೆಯ ಒಡವೆಗಳೆಲ್ಲ ಬಂದಿರುತ್ತವೆ. ಒಡವೆಯ ಈ ಪ್ರದರ್ಶನವನ್ನು ಆಡಂಬರವೆಂದು ಮಾತ್ರ ತಿಳಿಯಬಾರದು. ಮಗಳನ್ನು ಶಾಲೆಗೆ ಕಳುಹಿಸಿದ್ದರಿಂದ ಮನೆತನದ ಗೌರವಕ್ಕೆ ಕುಂದು ಬಂದಿಲ್ಲವೆಂದು ಸಾರುವ ಒಂದು ಬಗೆಯೂ ಅದಾಗಿತ್ತು.

ಇಲ್ಲಿ ಗಮನಿಸಲೇಬೇಕಾದುದು ತಾಳಿ. ಹತ್ತು ಹನ್ನೊಂದು ವರ್ಷದಂತೆ ಕಾಣುವ ಹುಡುಗಿಯ ಕೊರಳಲ್ಲಿ ಮಾಂಗಲ್ಯವಿದ್ದರೆ ಆ ಫೋಟೋ ಕಾನೂನಿನ ಇತಿಹಾಸಕ್ಕೂ ಆಕರ. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹ ನಿರ್ಬಂಧಕ ಕಾಯಿದೆಯನ್ನು ಮಾಡಿ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಬ್ರಿಟಿಷ್ ಹಿಂದುಸ್ಥಾನದಲ್ಲಿ ಹುಡುಗಿಗೆ 14 ವರ್ಷವನ್ನು ಗೊತ್ತುಪಡಿಸಿದ ಶಾರದಾ ಕಾಯಿದೆ 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ಎರಡು ಕಾಯಿದೆಗಳ ನಡುವಿನ ಮೂವತ್ತಾರು ವರ್ಷಗಳಲ್ಲಿ ಶಾಲೆಯ ಮೆಟ್ಟಿಲ ಮೇಲೆ ತಾಳಿ ಕಟ್ಟಿಕೊಂಡು ನಿಂತ ಹುಡುಗಿಯು ಓದು ಮತ್ತು ಸಂಸಾರ ಎಂಬ ಎರಡು ಹೊಣೆಗಳನ್ನು ಒಟ್ಟಿಗೆ ಹೊತ್ತವಳು. ಮುಂದಿನ ವರ್ಷದ ಅದೇ ಶಾಲೆಯ ಚಿತ್ರ ದೊರೆತು, ಅದರಲ್ಲಿ ಅವಳಿಲ್ಲದಿದ್ದರೆ, ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ.

೬. ಚಿತ್ರದಲ್ಲಿ ಇಲ್ಲದವರು

ಇದರಿಂದ ನಾವು ಇನ್ನೊಂದು ಪ್ರಶ್ನೆಗೆ ಬರುತ್ತೇವೆ. ಗ್ರೂಪ್ ಫೋಟೋದಲ್ಲಿ ಯಾರಿಲ್ಲ?

1856ರ ಜೂನಿನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಜಾತಿಯ ಹುಡುಗನಿಗೆ ಪ್ರವೇಶ ದೊರೆಯಲಿಲ್ಲ. ಆ ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಭಾರತದ ಶಿಕ್ಷಣದ ಇತಿಹಾಸವನ್ನು ಬರೆದವರೆಲ್ಲ ಅದನ್ನು ಉಲ್ಲೇಖಿಸುವಷ್ಟು ಅದು ಪ್ರಸಿದ್ಧವಾಗಿದೆ. ಆ ಹುಡುಗನ ಫೋಟೋ ಇರುವ ಪ್ರಶ್ನೆಯೇ ಇಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು (1859–1928) ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕಾಗಿ ಅವರು ತಮ್ಮ ಸಮಾಜದ ಬಹಿಷ್ಕಾರವನ್ನು ಸಹಿಸಬೇಕಾಯಿತು. ಅದೇ ಕರಾವಳಿಯಲ್ಲಿ ಕೊರಗ ಹೆಂಗಸರು ಸೊಂಟಕ್ಕೆ ಎಲೆಗಳನ್ನು ಕಟ್ಟಿಕೊಳ್ಳುವ ಪದ್ಧತಿಯನ್ನು ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಯಾರು ಯಾವ ಬಟ್ಟೆಯನ್ನು ಎಲ್ಲಿಯವರೆಗೆ ಉಡಬಹುದೆಂಬುದು ಜಾತಿಯ ಕಟ್ಟಳೆಯಾಗಿದ್ದ ದೇಶದಲ್ಲಿ, ತಿರುವಾಂಕೂರಿನ ನಾಡಾರ್ ಹೆಂಗಸರು ಮೇಲುಡುಪಿನ ಹಕ್ಕಿಗಾಗಿ ಹೋರಾಡಿ 1859ರಲ್ಲಿ ರಾಜಾಜ್ಞೆಯನ್ನು ಪಡೆಯಬೇಕಾದ ದೇಶದಲ್ಲಿ, ಒಗೆದ ಒಂದು ಅಂಗಿಯನ್ನು ತೊಟ್ಟು ಶಾಲೆಯ ಜಗಲಿಯಲ್ಲಿ ನಿಲ್ಲುವುದೇ ಒಂದು ಹಕ್ಕಿನ ಸ್ಥಾಪನೆ. ಅಂಥ ಮಕ್ಕಳ ಚಿತ್ರವೊಂದು ಎಲ್ಲಿಯಾದರೂ ದೊರೆತರೆ ಅದರಲ್ಲಿರುವ ಅಂಗಿಯ ಗುಂಡಿಗಳನ್ನೂ ಎಣಿಸಿಡಬೇಕು.

ಅಮೆರಿಕದ ಚಿತ್ರಗಳಲ್ಲಿಯೂ ಈ ಕೊರತೆ ಉಂಟು. 1896ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬೆಂಬಲ ಪಡೆದು 1954ರವರೆಗೆ ನಿಂತ ವರ್ಣಭೇದದ ಕಾನೂನಿನಿಂದಾಗಿ ದಕ್ಷಿಣದ ಶಾಲಾಚಿತ್ರವೆಂದರೆ ಪೂರ್ತಿ ಬಿಳಿಯರದು ಇಲ್ಲವೆ ಪೂರ್ತಿ ಕರಿಯರದು. ಪೆನ್ಸಿಲ್ವೇನಿಯದ ಕಾರ್ಲೈಲಿನಲ್ಲಿ 1879ರಿಂದ 1918ರವರೆಗೆ ನಡೆದ ಮೂಲನಿವಾಸಿಗಳ ವಸತಿಶಾಲೆಯಲ್ಲಿ, ಬಂದ ದಿನದ ಚಿತ್ರವನ್ನೂ ಕೆಲವು ಕಾಲದ ಮೇಲಿನ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಚಾರ ಮಾಡುತ್ತಿದ್ದರು: ಮೊದಲನೆಯದರಲ್ಲಿ ಉದ್ದಗೂದಲು, ಕಂಬಳಿ, ಮಣಿಸರ, ಎರಡನೆಯದರಲ್ಲಿ ಕತ್ತರಿಸಿದ ಕೂದಲು, ಕೋಟು, ಬಿಗಿ ಕಾಲರು. ನವಾಹೋ ಬುಡಕಟ್ಟಿನ ಟಾಮ್ ಟಾರ್ಲಿನೋ ಎಂಬ ಯುವಕನ 1882ರ ಮತ್ತು 1885ರ ಚಿತ್ರಗಳು ಇವುಗಳಲ್ಲಿ ಹೆಸರಾದವು. ಅಲ್ಲಿ ಬಟ್ಟೆ ಮಗುವಿಗೆ ದೊರೆತ ಹಕ್ಕಾಗಿರಲಿಲ್ಲ, ಮಗುವಿನಿಂದ ಅದರ ಕುಲವನ್ನು ಕಿತ್ತುಕೊಳ್ಳುವ ಸಾಧನವಾಗಿತ್ತು. ಬಟ್ಟೆ ಒಂದೇ, ಅದನ್ನು ತೊಟ್ಟವರ ಇಚ್ಛೆ ಎಷ್ಟಿತ್ತೆಂಬುದರ ಮೇಲೆ ಅರ್ಥ ಬದಲಾಗುತ್ತದೆ.

ಶಾಲೆಗೇ ಬಾರದ ಮಕ್ಕಳ ಮಾತು ಬೇರೆ. ಕಡ್ಡಾಯ ಶಿಕ್ಷಣದ ಕಾನೂನು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1852ರಲ್ಲಿ ಬಂದು, 1918ರ ಹೊತ್ತಿಗೆ ಅಂದಿನ ಎಲ್ಲ ಸಂಸ್ಥಾನಗಳಲ್ಲಿಯೂ ಜಾರಿಗೆ ಬಂದಿತ್ತು. ಆದರೂ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಲೂಯಿಸ್ ಹೈನ್ 1908ರಿಂದ ಬಾಲಕಾರ್ಮಿಕ ಸಮಿತಿಗಾಗಿ ಚಿತ್ರಿಸಿ ಲೋಕಕ್ಕೆ ತೋರಿಸಿದನು. ನಮ್ಮಲ್ಲಿ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ ಬಿದ್ದುಹೋಯಿತು. ಮೈಸೂರು 1913ರಲ್ಲಿ, ಮುಂಬಯಿ ಇಲಾಖೆ 1918ರಲ್ಲಿ ಮೊದಲ ಹೆಜ್ಜೆಗಳನ್ನಿಟ್ಟವು. ಅದೇ ಮುಂಬಯಿಯ ಗಿರಣಿಗಳಲ್ಲಿ 1881ರ ಕಾಯಿದೆಯಂತೆ ಏಳು ವರ್ಷದ, 1891ರ ತಿದ್ದುಪಡಿಯಂತೆ ಒಂಬತ್ತು ವರ್ಷದ ಮಗು ದುಡಿಯಬಹುದಾಗಿತ್ತು. ಆ ಮಿತಿ ಹನ್ನೆರಡಕ್ಕೆ ಏರಿದ್ದು 1922ರಲ್ಲಿ. ಗ್ರೂಪ್ ಫೋಟೋದ ಅಂಚಿನಾಚೆ ಇದ್ದವರು ಇವರು.

೭. ಖಾಕಿ, ಖಾದಿ, ಸಮವಸ್ತ್ರ

1920ರ ಅನಂತರದ ಚಿತ್ರಗಳಲ್ಲಿ ಎರಡು ಹೊಸ ವಸ್ತುಗಳು ಪ್ರವೇಶಿಸುತ್ತವೆ. ಒಂದು, ಬಿಳಿಯ ಖಾದಿ ಟೊಪ್ಪಿಗೆ. ಅಸಹಕಾರ ಚಳವಳಿಯ ಈ ಚಿಹ್ನೆ ಹುಡುಗನ ತಲೆಯ ಮೇಲಿದ್ದರೆ ಚಿತ್ರವು 1920ಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ. ಜಾತಿ-ಪ್ರಾಂತಗಳನ್ನು ಸಾರುತ್ತಿದ್ದ ರುಮಾಲು-ಪಗಡಿಗಳ ಸ್ಥಾನಕ್ಕೆ ಎಲ್ಲರಿಗೂ ಒಂದೇ ಆದ ತಲೆಯುಡುಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು, ಖಾಕಿ ಚಡ್ಡಿ. ಬಾಸೆಲ್ ಮಿಶನ್ನಿನ ನೇಕಾರ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಯ ನೇಯ್ಗೆ ಶಾಲೆಯಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂಬುದು ನಮ್ಮ ಕರಾವಳಿಯ ಹೆಮ್ಮೆಯ ಮಾತು. ಅದಕ್ಕೆ ಮೊದಲೇ, 1840ರ ದಶಕದ ಕೊನೆಯಲ್ಲಿ, ವಾಯವ್ಯ ಗಡಿಯ ಗೈಡ್ಸ್ ದಳಕ್ಕೆ ಹ್ಯಾರಿ ಲಮ್ಸ್‌ಡೆನ್ ಧೂಳಿನ ಬಣ್ಣದ ಉಡುಪನ್ನು ತೊಡಿಸಿದ್ದನು. ಪಾರಸಿಯಲ್ಲಿ ಖಾಕ್ ಎಂದರೆ ಧೂಳು. ಹೀಗಾಗಿ ಬಣ್ಣದ ಕಲ್ಪನೆ ಗಡಿಯದು, ಅದನ್ನು ನೇಯ್ಗೆಯ ಕಾರ್ಖಾನೆಗೆ ಒಗ್ಗಿಸಿದ ಕೀರ್ತಿಯಲ್ಲಿ ಮಂಗಳೂರಿಗೆ ಪಾಲುಂಟು ಎನ್ನುವುದು ನ್ಯಾಯ. ಶಾಲೆಗೆ ಈ ಬಟ್ಟೆ ಬಂದ ದಾರಿಗಳಲ್ಲಿ ಸ್ಕೌಟ್ ಚಳವಳಿ ಮುಖ್ಯವಾದದ್ದು. ಭಾರತದ ಮೊದಲ ಸ್ಕೌಟ್ ದಳವನ್ನು ಕ್ಯಾಪ್ಟನ್ ಟಿ. ಎಚ್. ಬೇಕರ್ 1909ರಲ್ಲಿ ಬೆಂಗಳೂರಿನಲ್ಲಿಯೇ ಕಟ್ಟಿದನು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮೀಸಲಾಗಿತ್ತು. ಭಾರತೀಯ ಹುಡುಗರಿಗೆ ಬಾಗಿಲು ತೆರೆದದ್ದು ಅನಿ ಬೆಸೆಂಟರೇ ಮೊದಲಾದವರ ಪ್ರಯತ್ನದಿಂದ, ಮುಂದಿನ ದಶಕದಲ್ಲಿ. ಸ್ವಾತಂತ್ರ್ಯಾನಂತರ ಖಾಕಿ ಚಡ್ಡಿ, ಬಿಳಿಯ ಅಂಗಿ ನಾಡಿನ ಅನೇಕ ಶಾಲೆಗಳ ಸಮವಸ್ತ್ರವಾದಾಗ ಪಂಚೆ, ಜುಟ್ಟು, ಒಂಟಿಗಳು ಚಿತ್ರದಿಂದ ಮರೆಯಾದವು. ಸಮವಸ್ತ್ರವು ಮಕ್ಕಳ ನಡುವಣ ಭೇದವನ್ನು ಮುಚ್ಚಿತು. ಸಂಶೋಧಕನಿಗೆ ದೊರೆಯುತ್ತಿದ್ದ ಮಾಹಿತಿಯನ್ನೂ ಮುಚ್ಚಿತು. ಮೊದಲನೆಯದಕ್ಕಾಗಿ ಎರಡನೆಯ ನಷ್ಟವನ್ನು ಸಂತೋಷದಿಂದ ಸಹಿಸಬಹುದು.

೮. ಮುಂಬಯಿಯ ಮಾತು

ನಮ್ಮ ಮುಂಬಯಿಗೆ ವಿಶಿಷ್ಟವಾದ ಇನ್ನೊಂದು ಬಗೆಯ ಚಿತ್ರವುಂಟು, ಅದು ರಾತ್ರಿಶಾಲೆಯದು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಸ್ಥೆಗಳು ಕೋಟೆ ವಿಭಾಗದ ಆಸುಪಾಸಿನಲ್ಲಿ ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲು ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಓದಿದರು. ಹಗಲಿನ ಶಾಲೆಯ ಚಿತ್ರದಲ್ಲಿ ಉಡುಗೆಯನ್ನು ಕೊಟ್ಟವರು ತಂದೆ-ತಾಯಿ. ರಾತ್ರಿಶಾಲೆಯ ಚಿತ್ರದಲ್ಲಿರುವ ಅಂಗಿ-ಚಡ್ಡಿ ಆ ಹುಡುಗನೇ ದುಡಿದು ತೊಟ್ಟದ್ದು, ಇಲ್ಲವೆ ಕೋಣೆಯ ಸಂಗಾತಿಯಿಂದ ಒಂದು ದಿನದ ಮಟ್ಟಿಗೆ ಪಡೆದದ್ದು. ಅದರಲ್ಲಿ ವಯಸ್ಸಿನ ಕ್ರಮವೂ ಇರುವುದಿಲ್ಲ. ಮೀಸೆ ಮೂಡಿದವನು ಚಿಕ್ಕ ಹುಡುಗನ ಪಕ್ಕದಲ್ಲಿ ಒಂದೇ ಇಯತ್ತೆಯವನಾಗಿ ನಿಂತಿರುತ್ತಾನೆ. ನಮ್ಮ ಸಮಾಜದ ಉದ್ದಿಮೆದಾರರು, ವಕೀಲರು, ಲೇಖಕರು ಹಲವರು ಈ ಸಾಲುಗಳಿಂದ ಎದ್ದುಬಂದವರು. ಆದುದರಿಂದ ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಚಿತ್ರಗಳು ಸಂಸ್ಥೆಗಳ ವರದಿಗಳಷ್ಟೇ ಬೆಲೆಯುಳ್ಳವು.

ಈ ಬೆಲೆಯುಳ್ಳ ವಸ್ತುವು ನಾಶವಾಗುತ್ತಿರುವ ಬಗೆ ಮಾತ್ರ ಬಹು ಸಾಮಾನ್ಯವಾದದ್ದು. ಕೋಟೆ, ಗಿರಗಾಂವ, ಮಾಟುಂಗಾಗಳ ಹಳೆಯ ಮನೆಗಳನ್ನು ಬಿಟ್ಟು ಪವಾಯಿಯಂಥ ಹೊಸ ಬಡಾವಣೆಗಳಿಗೆ ನಾವು ಮನೆ ಬದಲಿಸಿದೆವು. ಕೆರೆಯ ದಂಡೆಯ ಈ ಎತ್ತರದ ಕಟ್ಟಡಗಳಲ್ಲಿ ಅಟ್ಟವಿಲ್ಲ; ಅಟ್ಟವಿಲ್ಲದ ಮನೆಯಲ್ಲಿ ಟ್ರಂಕಿಗೆ ಸ್ಥಳವಿಲ್ಲ. ಮುಂಬಯಿಯ ಮಳೆಗಾಲದ ತೇವ ಹಳೆಯ ಫೋಟೋದ ಮೇಲ್ಪದರವನ್ನು ಕೀಳುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಚಿತ್ರದ ಬೆನ್ನಿನದು. ಅಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ, ಧಾರವಾಡದ ಕಡೆಯವಾದರೆ ಕೆಲವೊಮ್ಮೆ ಮೋಡಿಯಲ್ಲಿ ಬರೆದ ಹೆಸರುಗಳಿರುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ, ಕನ್ನಡವನ್ನು ಆಡಬಲ್ಲ ಆದರೆ ಓದಲಾರದ ನಮ್ಮ ಮೊಮ್ಮಕ್ಕಳಿಗೆ ಆ ಬರಹವು ಬರಿಯ ಗೀಚು. ಚಿತ್ರವನ್ನು ಯಂತ್ರದಿಂದ ಪ್ರತಿ ಮಾಡಿಸುವವರೂ ಮುಖವನ್ನು ಮಾತ್ರ ಪ್ರತಿ ಮಾಡಿಸಿ ಬೆನ್ನನ್ನು ಬಿಟ್ಟುಬಿಡುತ್ತಾರೆ. ಹೆಸರು ಹೋದ ಮೇಲೆ ಅಜ್ಜನು ನಾಲ್ವತ್ತು ಮಂದಿಯಲ್ಲಿ ಒಬ್ಬನಾಗುತ್ತಾನೆ, ಯಾವನೆಂದು ತಿಳಿಯುವುದಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮಲ್ಲಿ ಇಂಥ ಚಿತ್ರವಿದ್ದರೆ ಅದರ ಎರಡೂ ಮೈಗಳ ಪ್ರತಿಯನ್ನು ಮಾಡಿಸತಕ್ಕದ್ದು. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು, ಮುಂದಿನ ಸಾಲಿನ ಎಡದಿಂದ ಆರಂಭಿಸಿ, ಒಬ್ಬೊಬ್ಬರ ಹೆಸರು, ಊರು, ಮನೆತನವನ್ನು ಬರೆದುಕೊಳ್ಳತಕ್ಕದ್ದು. ಹೆಸರು ನೆನಪಾಗದಿದ್ದರೆ ಉಡುಗೆಯಿಂದ ಆರಂಭಿಸುವುದು ಲೇಸು: ಈ ಕೋಟು ಯಾರದು, ಈ ಸೀರೆಯ ಬಣ್ಣ ಯಾವುದು, ಈ ಹುಡುಗನೇಕೆ ಟೊಪ್ಪಿಗೆ ಧರಿಸಿಲ್ಲ? ಬಟ್ಟೆಯ ನೆನಪು ಮುಖದ ನೆನಪಿಗಿಂತ ಬಹಳ ಸಲ ಗಟ್ಟಿಯಾದದ್ದು, ಮತ್ತು ಒಂದು ಬಟ್ಟೆಯ ಮಾತು ಹತ್ತು ಹೆಸರುಗಳನ್ನು ಹಿಂದಕ್ಕೆ ಕರೆತರುತ್ತದೆ. ಮೂಲಚಿತ್ರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಪ್ರತಿಯೂ ಹೆಸರುಗಳ ಪಟ್ಟಿಯೂ ಸಂಘದ ಗ್ರಂಥಾಲಯಕ್ಕೆ ತಲುಪಿದರೆ ಸಾಕು. ಆ ಪಟ್ಟಿಗಳು ನೂರಾದಾಗ, ಹಳ್ಳಿಯ ಯಾವ ಶಾಲೆಯ ಯಾವ ಸಾಲಿನಿಂದ ಎದ್ದು ಯಾರು ಈ ನಗರಕ್ಕೆ ಬಂದರೆಂಬ ಚರಿತ್ರೆಯ ಮೊದಲ ಅಧ್ಯಾಯ ತಾನಾಗಿಯೇ ಸಿದ್ಧವಾಗಿರುತ್ತದೆ.